ನಾನು ಪಂದ್ಯಕ್ಕೆ ಹೋಗದ ಭಾನುವಾರ

ಮುದ್ದಿನ ಅಕ್ಕನಿಗೆ, ಈ ಗಾಳಿಯೂರಿನಿಂದ ನೂರು ಮುತ್ತುಗಳು.

ನಾಹುಯೆಲ್‌ನಂಥ ಗಂಡ ಲೋಕದಲ್ಲೇ ಇಲ್ಲ, ಆದರೆ ಇಲ್ಲಿಯವರ ಮೇಲೆ ನನಗೆ ಗುಮಾನಿ. ರೊಸಾರಿಯೊ, ಚಿಲಿ ಮುಗಿಸಿ ಅವನು ಮಿಡ್‌ಫೀಲ್ಡರ್ ಆಗಿ ಸೇರಿದ ಮೂರನೆಯ ಫುಟ್‌ಬಾಲ್ ಕ್ಲಬ್ಬು ಇದು. ನಮ್ಮ ಮದುವೆಯಾದಾಗಿನಿಂದ ತಂಡ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಗೋಲ್‌ಕೀಪರನ ಹೆಂಡತಿ ನೆಲ್ಲಿ ನನ್ನನ್ನು ಕಂಡೊಡನೆ, ಇಲ್ಲಿಯ ಹೆಂಗಸರು ಅಪಶಕುನ ಎದುರಾದಾಗ ಮಾಡುವಂತೆ, ಎಡ ಎದೆ ಮುಟ್ಟಿಕೊಳ್ಳುತ್ತಾಳೆ. ಕೇಳಿದರೆ, "ಚಳಿ ಕಣೇ, ಇನ್ನೇನಿಲ್ಲ" ಅನ್ನುತ್ತಾಳೆ.

ಇವತ್ತು ಸೋತಿದ್ದರೆ ನಾಹುಯೆಲ್‌ನ ಕರಾರು ಮುಗಿಯುತ್ತಿತ್ತು. ಬೆಳಿಗ್ಗೆ ಅವನೇ, "ಚಿನ್ನಾ, ಹೊರಗೆ ತುಂಬಾ ಗಾಳಿ, ನೀನು ಮನೇಲೇ ಇದ್ದುಬಿಡು" ಎಂದ. ಇಲ್ಲಿ ಗಾಳಿ ಇಲ್ಲದ ದಿನ ಯಾವುದಿದೆ? ಅವನ ಹಳೆಯ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಮೈದಾನಕ್ಕೆ ಹೋಗಿ, ನಗಾರಿ ಬಡಿಯುವ ಅಭಿಮಾನಿಗಳ ಹಿಂದೆ ನಿಂತೆ. ಗೆದ್ದೆವು, ಅಕ್ಕಾ. ಎರಡೂ ಗೋಲಿಗೆ ಪಾಸ್ ಕೊಟ್ಟವನು ನನ್ನವನೇ.

"ಇನ್ನೆರಡು ವರ್ಷ ಇಲ್ಲೇ ಕಣೇ. ನೀನು ಬರದೇ ಇದ್ದದ್ದೇ ಒಳ್ಳೇದಾಯ್ತು ನೋಡು" ಎಂದು ಮನೆಯೆಲ್ಲ ಕುಣಿದ. ನಾನೂ ಹೌದೆಂದೆ.

ಕೆಮ್ಮು ವಾಸಿಯಾಗಿದೆ, ದಪ್ಪ ಕಾಲುಚೀಲ ಕಳಿಸು. ಅಮ್ಮನಿಗೆ ಏನೂ ಹೇಳಬೇಡ, ಅವಳು ಅವನಿಗೆ ಹೇಳಿಬಿಡುತ್ತಾಳೆ. ಗೆದ್ದ ದಿನ ಮಾಡಿದ್ದನ್ನು ಬದಲಿಸಬಾರದಲ್ಲ. ಇನ್ನು ಪ್ರತಿ ಪಂದ್ಯಕ್ಕೂ ನಾನು ಕದ್ದೇ ಹೋಗಬೇಕು.

ಅವನ ಸ್ನಾನ ಮುಗಿಯಿತು, ನಿಲ್ಲಿಸುತ್ತೇನೆ.

ನಿನ್ನ ಕ್ಲಾರಿಸಾ