ನಮ್ಮ ಕ್ಲಚ್ಚು ನಮಗೆ ಕೊಡಿ

ಕಾರು ಕಂಪನಿಯಲ್ಲಿ ಯಾವ ಮಾದರಿ ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವ ಮಾನ್ಯ ಮುಖ್ಯಾಧಿಕಾರಿಗಳೇ,

ನೀವು ಕ್ಲಚ್ ಪೆಡಲನ್ನು ಕಿತ್ತುಹಾಕಿದ್ದೀರಿ. ಜೊತೆಗೆ ದೊಡ್ಡ ಎಂಜಿನ್ನಿಗೂ ಎಳ್ಳುನೀರು ಬಿಟ್ಟಿದ್ದೀರಿ. ‘ಗ್ರಾಹಕರ ಅಪೇಕ್ಷೆಯಂತೆ’ ಎನ್ನುತ್ತದೆ ನಿಮ್ಮ ಪ್ರಕಟಣೆ. ಯಾವ ಗ್ರಾಹಕರು ಸ್ವಾಮಿ? ನಮ್ಮನ್ನಂತೂ ಯಾರೂ ಕೇಳಲಿಲ್ಲ. ಕೇಳಿದ್ದರೆ, ನಿಮ್ಮ ಈ ಸುಧಾರಣೆಯಿಂದ ಒಂದು ಸಂಸಾರವೇ ಮೂಕವಾಗುತ್ತದೆ ಎಂದು ಅಂದೇ ಹೇಳುತ್ತಿದ್ದೆ.

ನಮ್ಮ ಯಜಮಾನರು ತಕ್ಕಡಿ ರಿಪೇರಿಯವರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿಮಾಡುತ್ತಾರೆ. ಡಿಕ್ಕಿಯ ತುಂಬ ಕಬ್ಬಿಣದ ತೂಕದ ಕಲ್ಲುಗಳು. ಒಮ್ಮೆ ಸ್ಟೂಲಿನಿಂದ ಬಿದ್ದ ಮೇಲೆ ಅವರ ಎಡಭುಜ ಮುನಿಸಿಕೊಂಡಿದೆ, ಆ ಕೈಗೆ ಗೇರ್ ಎಳೆಯುವ ಕಸುವಿಲ್ಲ. ನನಗೋ ಎರಡೂ ಮೊಣಕಾಲು ಕೈಕೊಟ್ಟಿವೆ. ಹೀಗಾಗಿ ಇಬ್ಬರೂ ಸೇರಿ ಒಬ್ಬ ಡ್ರೈವರ್ ಆದೆವು. ಅವರು ಸ್ಟೀರಿಂಗ್ ಹಿಡಿದು, ಕ್ಲಚ್ ಒತ್ತಿ ‘ಹೂಂ’ ಅನ್ನುತ್ತಾರೆ. ಪಕ್ಕದ ಸೀಟಿನಲ್ಲಿ ಕೂತ ನಾನು ಗೇರ್ ಹಾಕುತ್ತೇನೆ. ಇದಕ್ಕೆ ಕಾನೂನು ಒಪ್ಪುತ್ತದೋ ಇಲ್ಲವೋ ಎಂದು ನಾನು ಯಾರನ್ನೂ ಕೇಳಿಲ್ಲ, ದಯವಿಟ್ಟು ನೀವೂ ಕೇಳಬೇಡಿ.

ನಮ್ಮವರನ್ನು ಮಿತಭಾಷಿ ಎಂದರೆ ಅದೇ ದೊಡ್ಡ ಮರ್ಯಾದೆ. ಮನೆಯಲ್ಲಿ ಬಾಯಿಗೆ ಬೀಗ. ಗಾಡಿಯೊಳಗೆ ಮಾತ್ರ ಮಾತಾಡದೆ ಗತಿಯಿಲ್ಲ.

“ಎರಡಕ್ಕೆ ಹಾಕೇ, ಉಬ್ಬು ಬಂತು.”

“ನಂಗೂ ಕಣ್ಣಿದೆ. ನೀವು ಮೊದ್ಲು ಕ್ಲಚ್ ಒತ್ರೀ.”

ಹೀಗೆ ಶುರುವಾದ ಮಾತು ಮಗಳ ವಿಚಾರ, ಸೊಂಟನೋವು, ತಕ್ಕಡಿಯ ತಟ್ಟೆಯಡಿ ಮೇಣ ಮೆತ್ತಿದ್ದ ಅಂಗಡಿಯವನು, ಹೀಗೆ ಎಲ್ಲೆಲ್ಲಿಗೋ ಹೋಗುತ್ತದೆ. ಜಗಳವಾದ ದಿನ ನಾನು ಬೇಕೆಂದೇ ಕೈಕಟ್ಟಿ ಕೂರುತ್ತೇನೆ. ಎಂಜಿನ್ ಅರಚಿಕೊಳ್ಳುತ್ತದೆ. “ತಪ್ಪಾಯ್ತು ಕಣೇ, ಮೂರಕ್ಕೆ ಹಾಕು” ಅನ್ನುವವರೆಗೂ ನಾನು ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ. ಇಷ್ಟು ಅನುಕೂಲದ ಯಂತ್ರವನ್ನು ಹಳೇ ಕಾಲದ್ದು ಎನ್ನುತ್ತಾರಲ್ಲ ನಿಮ್ಮ ಎಂಜಿನಿಯರುಗಳು, ಅವರಲ್ಲಿ ಒಬ್ಬರಿಗೂ ಮದುವೆಯಾಗಿಲ್ಲವೇ?

ಈಗ ನಮ್ಮ ಗಾಡಿಯ ತಳವನ್ನು ತುಕ್ಕು ತಿಂದು, ಕಾಲಡಿಯಲ್ಲೇ ರಸ್ತೆ ಕಾಣುತ್ತಿದೆ. ಇನ್ನು ನನ್ನ ಕೈಲಾಗದು ಎಂದು ಮೆಕ್ಯಾನಿಕ್ ಕೈಮುಗಿದ. ಬೇರೆ ದಾರಿ ಕಾಣದೆ ನಿಮ್ಮ ಶೋರೂಮಿಗೆ ಬಂದೆವು. ಕ್ಲಚ್ ಇರುವುದು ಬೇಕು ಎಂದಾಗ ಸೇಲ್ಸ್‌ನವನು, ನಾವು ಎತ್ತಿನಗಾಡಿ ಕೇಳಿದೆವೇನೋ ಎಂಬಂತೆ ನಕ್ಕ. “ಈಗೆಲ್ಲಾ ಆಟೋಮ್ಯಾಟಿಕ್ ಸರ್, ಒಂದ್ಸಲ ಓಡ್ಸಿ ನೋಡಿ” ಎಂದು ಹಿಂದಿನ ಸೀಟಿನಲ್ಲಿ ಕೂತ. ನೋಡುವುದಾದರೆ ಸರಿಯಾಗಿಯೇ ನೋಡೋಣ ಎಂದು ನಮ್ಮವರು ತೂಕದ ಕಲ್ಲುಗಳನ್ನೂ ಅದಕ್ಕೆ ಹೇರಿಸಿದರು. ಏರು ಬಂದಿತೋ ಇಲ್ಲವೋ, ನಿಮ್ಮ ಪುಟಾಣಿ ಎಂಜಿನ್ ಏದುಸಿರು ಬಿಡತೊಡಗಿತು. ಆ ಸದ್ದು ಕೇಳಿದ್ದೇ ತಡ, ಇವರ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿ ಬ್ರೇಕನ್ನೇ ತುಳಿಯಿತು, ಬಾಯಿ ‘ಹೂಂ’ ಅಂದಿತು, ನನ್ನ ಕೈ ಲಿವರನ್ನು ತಳ್ಳಿಯೇಬಿಟ್ಟಿತು. ಗಾಡಿ ಗಕ್ಕನೆ ನಿಂತಿತು; ಸೇಲ್ಸ್‌ನವನ ತಲೆ ನಮ್ಮಿಬ್ಬರ ನಡುವೆ ಬಂತು. ಇವರು ಗಾಬರಿಯಲ್ಲಿ ಕಾಲು ತೆಗೆದರು, ನ್ಯೂಟ್ರಲ್ಲಿಗೆ ಬಿದ್ದಿದ್ದ ಗಾಡಿ ಹಿಂದಕ್ಕೆ ಜಾರತೊಡಗಿತು.

“ಅಮ್ಮಾ, ನೀವು ಏನೂ ಮುಟ್ಬೇಡಿ!” ಎಂದು ಅವನು ಚೀರಿದ.

ಶೋರೂಮಿಗೆ ಮರಳಿ, ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಅವನೇ ಸಮಾಧಾನ ಹೇಳಿದ. “ಅಭ್ಯಾಸ ಆದ್ರೆ ಯಾರ ಸಹಾಯಾನೂ ಬೇಡ ಸರ್. ಅಮ್ಮ ಇನ್ಮೇಲೆ ಆರಾಮಾಗಿ ಮನೇಲೇ ಇರ್ಬಹುದು.”

ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಇವರ ಭುಜಕ್ಕೆ ಆಟೋಮ್ಯಾಟಿಕ್ಕೇ ಸರಿ ಎಂಬುದು ನನಗೂ ಗೊತ್ತು. ಇವರು ಕೀಲಿಯನ್ನು ಮೇಜಿನ ಮೇಲಿಟ್ಟು, “ಇವ್ಳು ಮನೇಲಿದ್ರೆ ನಾನು ಯಾರ ಜೊತೆ ಮಾತಾಡ್ಲಿ?” ಎಂದರು. ಮದುವೆಯಾದಂದಿನಿಂದ ಇವರ ಬಾಯಿಂದ ಬಂದ ಅತಿ ಉದ್ದದ ಪ್ರೇಮದ ಮಾತು ಅದು. ಅದನ್ನೂ ಸೇಲ್ಸ್‌ನವನಿಗೆ ಹೇಳಿದರು.

ಆದ್ದರಿಂದ ಮಾನ್ಯರೇ, ಆಟೋಮ್ಯಾಟಿಕ್ ಬೇಕಾದವರಿಗೆ ಧಾರಾಳವಾಗಿ ಮಾರಿ, ನಮ್ಮದೇನೂ ತಕರಾರಿಲ್ಲ. ಕ್ಲಚ್ ಇರುವ, ಕಬ್ಬಿಣ ಹೊತ್ತು ಏರು ಹತ್ತಬಲ್ಲ ಎಂಜಿನ್ನಿನ ಒಂದೇ ಒಂದು ಮಾದರಿಯನ್ನು ಮತ್ತೆ ತಯಾರಿಸಿ. ಟೀವಿಯಷ್ಟು ದೊಡ್ಡ ಪರದೆ ಬೇಡ, ಮಾತಾಡುವ ದಾರಿತೋರುಕನೂ ಬೇಡ, ಆ ಕೆಲಸಕ್ಕೆ ನಾನಿದ್ದೇನೆ. ತುಸು ಬೇಗ ಮಾಡಿ. ಗಾಡಿ ಶೆಡ್ಡು ಸೇರಿದೆ, ನಾವೀಗ ಬಸ್ಸಿನಲ್ಲಿ ಓಡಾಡುತ್ತಿದ್ದೇವೆ. ಒಟ್ಟಿಗೆ ಸೀಟು ಸಿಗುವುದಿಲ್ಲ. ನಾನು ಮುಂದೆ, ಅವರು ಕಲ್ಲಿನ ಚೀಲದೊಂದಿಗೆ ಹಿಂದೆ, ನಡುವೆ ಇಡೀ ಊರು ಕೂತಿರುತ್ತದೆ.

ಇಂತಿ,
ಸದ್ಯಕ್ಕೆ ಕೈಗೆ ಕೆಲಸವಿಲ್ಲದವಳು