ಏಳನೇ ನಿಮಿಷದ ಕೆಂಪು ಕಾರ್ಡು

ಗ್ವಾವ್, ಗ್ರೆನಡಾ
ಮಂಗಳವಾರ

ಅಲ್ಫಿಯಸ್ ಮೇಷ್ಟ್ರಿಗೆ ಕ್ಲೋಡೆಟ್ ಮಾಡುವ ನಮಸ್ಕಾರಗಳು.

ಶನಿವಾರ ಇಗರ್ಜಿಯಲ್ಲಿ ನನ್ನಿಂದಾದ ತಪ್ಪಿಗೆ ಕ್ಷಮೆ ಕೇಳಬೇಕು. ನಮ್ಮ ಭಾಷಣ ಕ್ಲಬ್ಬಿನಿಂದ ಕರೆದವರಲ್ಲಿಗೆಲ್ಲ ಭಾಷಣಕಾರರನ್ನು ಪುಕ್ಕಟೆಯಾಗಿ ಕಳಿಸುತ್ತಾ ನನಗೆ ಆರು ವರ್ಷವಾಯಿತು. ಸಾವಿನ ಮನೆಯಿಂದ ಕರೆ ಬಂದದ್ದು ಇದೇ ಮೊದಲು. "ನಾಲ್ಕು ಜನರ ಮುಂದೆ ನನಗೆ ಬಾಯೇ ಬರಲ್ಲ ಕಣಮ್ಮಾ, ನನ್ನ ಗಂಡನ ಬಗ್ಗೆ ನೀವೇ ಯಾರಾದ್ರೂ ಮಾತಾಡಿ" ಎಂದು ಎಲ್ವಿರಾ ಅತ್ತಿದ್ದಳು. ನಾನು ನಿಮ್ಮನ್ನು ಕಳಿಸಿದೆ. ನೀವು ಎರಡು ದಿನ ಅವಳ ಜೊತೆ ಕೂತು, ಹರಿದ ಬಲೆ ಹೆಣೆಯುತ್ತಾ ಆ ಮೀನುಗಾರನ ಕಥೆಯನ್ನೆಲ್ಲ ಕೇಳಿಕೊಂಡಿರಿ.

ನಾನೋ, ನೀವು ಮಾತು ಶುರುಮಾಡಿ ಏಳು ನಿಮಿಷವಾದ ಕೂಡಲೇ ಕ್ಲಬ್ಬಿನ ಅಭ್ಯಾಸಬಲದಿಂದ ಶವಪೆಟ್ಟಿಗೆಯ ಪಕ್ಕದಲ್ಲೇ, ಹೊತ್ತು ಮುಗಿಯಿತೆಂದು ತೋರಿಸುವ ಕೆಂಪು ಕಾರ್ಡು ಎತ್ತಿಬಿಟ್ಟೆ.

ಬೇರೆಯವರಾಗಿದ್ದರೆ ತಡವರಿಸುತ್ತಿದ್ದರು. ನೀವು ನಕ್ಕಿರಿ. "ನನ್ನ ಹೊತ್ತು ಮುಗೀತಂತೆ. ಉಳಿದಿದ್ದನ್ನ ಎಲ್ವಿರಾ ಹೇಳ್ತಾಳೆ" ಎಂದು ಇಳಿದು ಬಂದು, ಅವಳ ಕೈ ಹಿಡಿದು ಎಬ್ಬಿಸಿದಿರಿ.

"ಗೊರಕೆ ಹೊಡೆದೂ ಹೊಡೆದೂ ನನ್ನ ಪ್ರಾಣ ತಿಂದ ಈ ಮನುಷ್ಯ" ಎಂದು ಅವಳು ಶುರುಮಾಡಿದಾಗ ಪಾದ್ರಿಯೂ ನಕ್ಕರು. "ಆದ್ರೆ ದಿನಾ ಮೊದಲನೇ ಮೀನು ನನ್ನ ತಟ್ಟೆಗೇ" ಎಂದಾಗ ಎಲ್ಲರೂ ಅತ್ತರು. ಅರ್ಧ ಗಂಟೆ ಮಾತಾಡಿದಳು. ನಾನು ಕಾರ್ಡಿನ ಮೇಲೆ ಕೂತಿದ್ದೆ. ಅರ್ಧಕ್ಕೆ ನಿಂತ ನಿಮ್ಮ ಭಾಷಣಕ್ಕಿಂತ ಚೆನ್ನಾಗಿ ಮುಗಿದ ಭಾಷಣವನ್ನು ಈ ಆರು ವರ್ಷದಲ್ಲಿ ನಾನು ಕೇಳಿಲ್ಲ.

ಇವತ್ತು ಪಕ್ಕದ ವಿಕ್ಟೋರಿಯಾದಿಂದ ಇನ್ನೊಂದು ಸಾವಿನ ಮನೆಯವರು ಫೋನು ಮಾಡಿದ್ದರು. ನಿಮ್ಮ ಹೆಸರು ಹೇಳಿದೆ. "ಮೇಷ್ಟ್ರು ಬೇಡ, ಆ ಮೀನುಗಾರನ ಹೆಂಡ್ತೀನ ಕಳಿಸಿ" ಎಂದರು. ಎಲ್ವಿರಾ ಒಪ್ಪಿದ್ದಾಳೆ. ಆದರೆ ಮುಂದಿನ ಸಾಲಿನಲ್ಲಿ ನೀವು ಕೂತಿರಬೇಕಂತೆ. ದಯವಿಟ್ಟು ಹೋಗಿಬನ್ನಿ. ಗಡಿಯಾರ ನೋಡಲು ನಾನು ಬರುವುದಿಲ್ಲ.

ಇಂತು ನಿಮ್ಮ,
ಕ್ಲೋಡೆಟ್