ಮುಚ್ಚಿದ ಗಡಿಗೆಗಳು

ಗಣಿಕುಳಿ, ಸಂಡೂರು ಸೀಮೆ. ಸರಿಪಾಲಿನ ತೊಂಬತ್ತನೆಯ ವರ್ಷ, ಎರಡನೆಯ ಕಾರ್ತಿಕದ ನಲವತ್ತೊಂದನೆಯ ದಿನ.

ಎಷ್ಟೋ ತಲೆಮಾರು ಹಿಂದಿನ ನಮ್ಮ ಹಿರಿಯರಿಗೆ, ಹುಲಿಗೆಮ್ಮ ಎಂಬ ನನ್ನ ಶರಣು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ನೀವು ಅದಿರು ತೋಡಿ ಬಿಟ್ಟ ಕುಳಿಯ ಮೆಟ್ಟಿಲುಗಳ ಮೇಲೆಯೇ ನಮ್ಮ ಮನೆಗಳಿವೆ. ನಿಮ್ಮ ಕಾಲದ ನಂಬಿಕೆಯನ್ನು ನಾವು ಏರುಮತ ಎನ್ನುತ್ತೇವೆ: ಎಲ್ಲವೂ ವರ್ಷ ವರ್ಷ ಹೆಚ್ಚುತ್ತಲೇ ಇರಬೇಕು ಎಂಬ ಮತ. ಅದು ಯಾವ ದಿನ ಸತ್ತಿತೆಂದು ಯಾರಿಗೂ ಗೊತ್ತಿಲ್ಲ. ಸತ್ತ ಮೇಲೂ ಬಹಳ ಕಾಲ ಜನ ಅದರ ಹೆಸರಿನಲ್ಲಿ ಸಭೆ ಸೇರುತ್ತಿದ್ದರಂತೆ. ಚಿಕ್ಕವಳಿದ್ದಾಗ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕಿದ್ದೆ.

ನಮ್ಮದು ಸರಿಪಾಲು. ತಾನು ಬೇಯಿಸಿದ್ದನ್ನು ತಾನೇ ಉಣ್ಣಬಾರದು. ಸಂಜೆ ಎಲ್ಲರೂ ಗಡಿಗೆಗಳನ್ನು ಕಟ್ಟೆಗೆ ತಂದಿಟ್ಟು, ಚೀಟಿ ಎತ್ತಿ, ಬೇರೆಯವರ ಗಡಿಗೆ ಪಡೆಯಬೇಕು. ಇದಕ್ಕಾಗಿ ನಮ್ಮ ಅಜ್ಜಿಯಂದಿರು ಪ್ರಾಣ ಕೊಟ್ಟರು. ಹಸಿದವರೇ ಇಲ್ಲದ ಊರಾಗಿತ್ತು ಇದು. ಹೋದ ಬೇಸಿಗೆಯಲ್ಲಿ ಗಡಿಗೆಗಳಿಗೆ ಮುಚ್ಚಳ ಬಂದವು. ಆಮೇಲೆ ಗಡಿಗೆಗಳು ಹಗುರಾದವು. ಈಗ ಖಾಲಿ. ಮನೆಯೊಳಗೆ ಬಾಗಿಲು ಹಾಕಿಕೊಂಡು ಬೇಯಿಸಿ ತಿನ್ನುತ್ತೇವೆ. ಸಂಜೆ ಕಟ್ಟೆಯಲ್ಲಿ ಕೂತು ಬರಿಗೈಯನ್ನು ಬಾಯಿಗೆ ಒಯ್ದು ಅಗಿಯುತ್ತೇವೆ, ಅಡುಗೆ ಹೊಗಳುತ್ತೇವೆ. ಹೀಗೆ ಮಾಡಿರೆಂದು ಯಾರೂ ಹೇಳಲಿಲ್ಲ. ಒಬ್ಬರು ಬಾಯಿಬಿಟ್ಟರೆ ಎಲ್ಲರೂ ಸಿಕ್ಕಿಬೀಳುತ್ತೇವೆ, ಅದಕ್ಕೇ ಯಾರೂ ಬಾಯಿಬಿಡುವುದಿಲ್ಲ. ಸರಿಪಾಲಿನ ಹಾಡು ಮಾತ್ರ ಮೊದಲಿಗಿಂತ ಜೋರಾಗಿದೆ.

ನಮ್ಮಣ್ಣ ಜಂಬಣ್ಣನೊಬ್ಬ ಈಗಲೂ ತುಂಬಿದ ಗಡಿಗೆ ತಂದು ಖಾಲಿ ಗಡಿಗೆ ಒಯ್ಯುತ್ತಾನೆ. ಅವನ ಗಡಿಗೆ ಸಿಕ್ಕವರು ಚಕಾರವೆತ್ತದೆ ಉಂಡು ಹೋಗುತ್ತಾರೆ. ನಾನು ಗುಟ್ಟಾಗಿ ರೊಟ್ಟಿ ಕೊಟ್ಟರೆ, ಚೀಟಿಯಲ್ಲಿ ಬಂದದ್ದಲ್ಲವೆಂದು ಅವನು ಮುಟ್ಟಲಿಲ್ಲ. ನಾನೊಬ್ಬಳು ಗಡಿಗೆ ತುಂಬಿಸಿಟ್ಟರೂ ಅದು ಇನ್ಯಾರದೋ ಪಾಲು. ಅವನ ಎಲುಬುಗಳನ್ನು ಈಗ ದೂರದಿಂದಲೇ ಎಣಿಸಬಹುದು.

ಇಂದು ತಡೆಯಲಾಗಲಿಲ್ಲ. ಅವನ ಪಾಲಿಗೆ ಬಂದ ಗಡಿಗೆಯ ಮುಚ್ಚಳ ತೆಗೆದು, ಎಲ್ಲರೆದುರು ಬೋರಲು ಹಾಕಿ ತೋರಿಸಿದೆ. ಹಾಡು ನಿಂತಿತು. ಅಣ್ಣ ಗಡಿಗೆಯನ್ನು ನೆಟ್ಟಗೆ ಇಟ್ಟುಕೊಂಡು, ಕೈ ಹಾಕಿ, ಬರಿಗೈಯನ್ನು ಬಾಯಿಗೆ ಒಯ್ದು ನಿಧಾನವಾಗಿ ಅಗಿದ. “ಚೆನ್ನಾಗೈತವ್ವ. ಉಪ್ಪು ಒಂಚೂರು ಕಮ್ಮಿ,” ಎಂದ. ಸುತ್ತಲಿನವರು ಹೌದೆಂದು ತಲೆಯಾಡಿಸಿದರು. ಅವನು ನಮ್ಮಂತೆ ನಟಿಸುತ್ತಿರಲಿಲ್ಲ. ಅವನಿಗೆ ನಿಜಕ್ಕೂ ರುಚಿ ಸಿಗುತ್ತಿತ್ತು.

ಹಿರಿಯರೇ, ನಿಮ್ಮ ಏರುಮತವನ್ನು ಮನಸಾರೆ ನಂಬಿದವರು ನಿಮ್ಮ ಮನೆಯಲ್ಲೂ ಇರಬಹುದು. ಅದು ಬರಿದಾಗಿದೆಯೆಂದು ನಿಮಗೆ ತಿಳಿದ ದಿನವೇ ಅವರಿಗೆ ಹೇಳಿ. ನಿಮ್ಮ ಮೇಲೆ ಸಿಟ್ಟಾಗುವಷ್ಟು ತ್ರಾಣ ಅವರಲ್ಲಿ ಇರುವಾಗಲೇ ಹೇಳಿ.